ಬರುವುದಾದರೆ ಮೇ ತಿಂಗಳಲ್ಲಿ ಬಾ

ಕುಂಜಿಬೆಟ್ಟು, ಉಡುಪಿ

ಪ್ರೀತಿಯ ಮಗಳೇ,

ನೀನು ಕಳಿಸಿದ ಪ್ಲಾನನ್ನು ಅಪ್ಪ ಪ್ರಿಂಟ್ ತೆಗೆಸಿ ತಂದುಕೊಟ್ಟರು. ಡಿಸೆಂಬರಿಗೆ ಕೆಲಸ ಬಿಡುವುದು, ಪೆರ್ಡೂರಿನ ಅಜ್ಜಿಮನೆಯಲ್ಲಿ ಇರುವುದು, ಕರೆಂಟ್ ಬೇಡ, ಗ್ಯಾಸ್ ಬೇಡ, ಕೈಯಲ್ಲಿ ಕಾಸಿಲ್ಲದೆ ಬದುಕುವುದು. ಅಪ್ಪ ಓದಿ ಸುಮ್ಮನೆ ಕೂತರು. ನಾನು ಸುಮ್ಮನಿರುವ ಪೈಕಿ ಅಲ್ಲ ಅಂತ ನಿನಗೆ ಗೊತ್ತಲ್ವಾ. ಬೇಡ ಅನ್ನಲು ಈ ಪತ್ರ ಬರೆಯುತ್ತಿಲ್ಲ. ಲೆಕ್ಕದಲ್ಲಿ ಏನು ಬಿಟ್ಟುಹೋಗಿದೆ ಅಂತ ಹೇಳಬೇಕು, ಅಷ್ಟೇ.

'ಅಜ್ಜಿ ಕಾಲದಲ್ಲಿ ದುಡ್ಡಿಲ್ಲದೆಯೇ ಎಲ್ಲ ನಡೆಯುತ್ತಿತ್ತು' ಅಂತ ಬರೆದಿದ್ದೀಯ. ನಡೆಯುತ್ತಿತ್ತು, ಹೌದು. ಹೇಗೆ ಅಂತ ಕೇಳು. ಗದ್ದೆ ಗೇಣಿಗೆ ಕೊಟ್ಟಿತ್ತು. ಗೇಣಿಯವರು ಅಕ್ಕಿಮುಡಿಗಳನ್ನು ತಲೆ ಮೇಲೆ ಹೊತ್ತು ತಂದು ಚಾವಡಿಯಲ್ಲಿ ಇಳಿಸುತ್ತಿದ್ದರು. ಒಂದು ಮುಡಿ ಅಂದರೆ 42 ಸೇರು. ಕುತ್ತಿಗೆಯ ನರ ಉಬ್ಬಿಕೊಂಡಿರುತ್ತಿತ್ತು, ಮುಡಿ ಇಳಿಸಿದ ಮೇಲೂ ಸ್ವಲ್ಪ ಹೊತ್ತು ಅವರಿಗೆ ತಲೆ ಎತ್ತಲು ಆಗುತ್ತಿರಲಿಲ್ಲ. ಭತ್ತ ಕುಟ್ಟುವವರು ಬೇರೆ, ಸೊಪ್ಪು ತರುವವರು ಬೇರೆ, ಹಟ್ಟಿ ಗುಡಿಸುವವರು ಬೇರೆ. ಅವರಿಗೆಲ್ಲ ಕೂಲಿ ಅಕ್ಕಿಯಲ್ಲೇ. 1974ರಲ್ಲಿ ಭೂಸುಧಾರಣೆ ಬಂದು ಗದ್ದೆ ಉಳುವವರ ಪಾಲಾಯಿತು. ನಮ್ಮ ಮನೆಯಲ್ಲಿ ದೊಡ್ಡ ಗೋಳಾಟ. ಆದದ್ದು ಒಳ್ಳೆಯದೇ ಅಂತ ನಾನು ಹೇಳುತ್ತೇನೆ, ಮಾವನ ಎದುರು ಮಾತ್ರ ಹೇಳುವುದಿಲ್ಲ. ಆ ಮನೆಯಲ್ಲಿ ದುಡ್ಡು ಓಡಾಡುತ್ತಿರಲಿಲ್ಲ, ನಿಜ. ದುಡ್ಡಿನ ಕೆಲಸವನ್ನು ಬೇರೆಯವರ ಕೈಕಾಲು ಮಾಡುತ್ತಿತ್ತು. ನಿನ್ನ ಪ್ಲಾನಿನಲ್ಲಿ ಸೋಲಾರ್‌ಗೆ ಒಂದು ಇಡೀ ಪುಟ ಇದೆ. ಜನರ ಬಗ್ಗೆ ಒಂದು ಸಾಲೂ ಇಲ್ಲ.

ಅಕ್ಕಿಯ ಲೆಕ್ಕವನ್ನೇ ತಗೋ. ತಿಂಗಳಿಗೆ ಹತ್ತು ಕೆಜಿ ಅಂದರೆ ಒಬ್ಬಳಿಗೆ ವರ್ಷಕ್ಕೆ ಒಂದೂಕಾಲು ಕ್ವಿಂಟಲ್ ಸಾಕು. ಅದಕ್ಕೆ ಎರಡು ಕ್ವಿಂಟಲ್ ಭತ್ತ. ಬೆಳೆ ಚೆನ್ನಾಗಿ ಬಂದರೆ ಹತ್ತು ಹನ್ನೆರಡು ಸೆಂಟ್ಸ್ ಗದ್ದೆಯಲ್ಲಿ ಆಗುತ್ತದೆ. ಕೇಳಲು ಎಷ್ಟು ಸುಲಭ! ಆದರೆ ಏಣೇಲಿಗೆ, ಅಂದರೆ ಮಳೆಗಾಲದ ಬೆಳೆಗೆ, ಮಳೆ ಹಿಡಿದ ಕೂಡಲೇ ನೇಜಿ (ಭತ್ತದ ಸಸಿ) ನೆಟ್ಟು ಮುಗಿಸಬೇಕು, ನಿನ್ನ ಸೊಂಟ ಹೇಳಿದಾಗ ಅಲ್ಲ. ತೆನೆ ಬಂದಾಗ ಹಗಲು ನವಿಲು, ರಾತ್ರಿ ಹಂದಿ. ಹನ್ನೆರಡು ಸೆಂಟ್ಸಿಗೆ ಕಟಾವಿನ ಯಂತ್ರ ಯಾರೂ ತರುವುದಿಲ್ಲ. ಆಮೇಲೆ ಭತ್ತ ಬೇಯಿಸಿ ಒಣಗಿಸಬೇಕು, ನಿನಗೆ ಕುಚ್ಚಲಕ್ಕಿಯೇ ಆಗಬೇಕಲ್ಲ. ಇದನ್ನು ಒಬ್ಬಳೇ ಮಾಡಲು ಆಗುವುದಿಲ್ಲ. ಕೆಳಮನೆಯವರು ಇನ್ನೂ ಗದ್ದೆ ಮಾಡುತ್ತಾರೆ. ಅವರ ನಾಟಿಗೆ ನೀನು ಇಳಿ, ನಿನ್ನದಕ್ಕೆ ಅವರು ಬರುತ್ತಾರೆ. ಒಂದು ಗಂಟೆ ನೆಟ್ಟು ಫೋಟೋ ತೆಗೆದು ಮೇಲೆ ಬಂದರೆ ಆಗಲಿಲ್ಲ, ಸಂಜೆವರೆಗೆ ಕೆಸರಿನಲ್ಲೇ ಇರಬೇಕು.

ನೀರಿನ ವಿಷಯ ನೀನು ಬರೆದದ್ದು ಅರ್ಧ ಸರಿ. ನಮ್ಮ ಕಡೆ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ. ನೂರು ಚದರ ಮೀಟರ್ ಹೆಂಚಿನ ಮಾಡಿನ ಮೇಲೆ ಬೀಳುವುದೇ ನಾಲ್ಕು ಲಕ್ಷ ಲೀಟರ್. ಆದರೆ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ, ಮುರಕಲ್ಲಿನ ಗುಡ್ಡದಲ್ಲಿ ಅದು ನಿಲ್ಲುವುದೂ ಇಲ್ಲ. ಮೇ ತಿಂಗಳಲ್ಲಿ ಆ ಬಾವಿಗೆ ಕೊಡಪಾನ ಇಳಿಸಿದರೆ ತಳಕ್ಕೆ ತಾಗಿದ ಸದ್ದು ಕೇಳುತ್ತದೆ. ಹಗ್ಗ ಅಲ್ಲಾಡಿಸಿ ಅದನ್ನು ಓರೆ ಮಾಡಬೇಕು, ಅರ್ಧ ಕೊಡ ಬರುತ್ತದೆ, ಅದರಲ್ಲೂ ಕೆಂಪು ರಾಡಿ. ತಿಳಿಯಾಗಲು ಬಿಟ್ಟು ಮತ್ತೆ ಒಸರು ಬರುವವರೆಗೆ ಕಾಯಬೇಕು. ಫೆಬ್ರವರಿಯಿಂದ ಮೇ ಕೊನೆವರೆಗೆ ದಿನಕ್ಕೆ ಎಂಬತ್ತು ಲೀಟರ್ ಹಿಡಿದರೂ ಹತ್ತು ಸಾವಿರ ಲೀಟರಿನ ಟ್ಯಾಂಕ್ ಬೇಕು. ಇರುವ ದುಡ್ಡನ್ನು ಮೊದಲು ಅದಕ್ಕೆ ಹಾಕು.

ಬಂಟ್ವಾಳ ತಾಲೂಕಿನ ಕೇಪುವಿನಲ್ಲಿ ಅಮೈ ಮಹಾಲಿಂಗ ನಾಯ್ಕರು ಒಬ್ಬರೇ ಗುಡ್ಡಕ್ಕೆ ಸುರಂಗ ಕೊರೆದು ನೀರು ತಂದದ್ದು ನಿನಗೂ ಗೊತ್ತು. 2022ರಲ್ಲಿ ಪದ್ಮಶ್ರೀ ಬಂತಲ್ಲ, ಅವರೇ. ಮೊದಲು ಕೊರೆದ ಸುರಂಗಗಳಲ್ಲಿ ನೀರೇ ಸಿಕ್ಕಿರಲಿಲ್ಲ. ಆದರೂ ಬಿಡಲಿಲ್ಲ. ಹಗಲು ಕೂಲಿ ಕೆಲಸಕ್ಕೆ ಹೋಗಿ, ಆಮೇಲೆ ಬಂದು ಕೊರೆಯುತ್ತಿದ್ದರು. ಆ ಕೂಲಿಯ ಭಾಗವನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ.

ಈಗ ಕರೆಂಟ್. ಇಲ್ಲಿ ನನಗೆ ನಿಜವಾಗಿ ನಗು ಬಂತು. ಖರ್ಚು ಉಳಿಸಲು ಮೀಟರ್ ತೆಗೆಸುತ್ತೇನೆ ಅಂದಿದ್ದೀಯ. ಸರಕಾರದ ಗೃಹಜ್ಯೋತಿ ಯೋಜನೆಯಲ್ಲಿ ಮಿತಿಯೊಳಗೆ ಉರಿಸಿದರೆ ಬಿಲ್ಲೇ ಸೊನ್ನೆ. ಸೋಲಾರ್‌ಗೆ ಪ್ಯಾನೆಲ್, ಬ್ಯಾಟರಿ ಎಲ್ಲ ದುಡ್ಡು ಕೊಟ್ಟೇ ತರಬೇಕು, ಬ್ಯಾಟರಿಯನ್ನು ಕೆಲವು ವರ್ಷಕ್ಕೊಮ್ಮೆ ಬದಲಿಸಲೂಬೇಕು. ಜೂನ್ ಜುಲೈಯಲ್ಲಿ ವಾರಗಟ್ಟಲೆ ಬಿಸಿಲೇ ಕಾಣುವುದಿಲ್ಲ. ಹರೀಶ್ ಹಂದೆಯವರು 1995ರಲ್ಲಿ ಸೆಲ್ಕೋ ಅಂತ ಸೋಲಾರ್ ದೀಪದ ಕಂಪನಿ ಶುರುಮಾಡಿದಾಗಲೂ ದೀಪಕ್ಕೆ ದುಡ್ಡು ಬೇಕು ಅಂತ ಗೊತ್ತಿತ್ತು, ಅದಕ್ಕೇ ಬಡವರಿಗೆ ಬ್ಯಾಂಕ್ ಸಾಲ, ಕಂತು ಅಂತ ಹೊಂದಿಸಿದ್ದು. ಕಂಬದ ಕರೆಂಟ್ ಬೇಡ ಅನ್ನುವುದು ನಿನ್ನ ಮನಸ್ಸಿನ ವಿಷಯವಾದರೆ ಸರಿ, ಎರಡು ಸಣ್ಣ ಎಲ್‌ಇಡಿ, ಫೋನ್ ಚಾರ್ಜಿಗೆ ಬೇಕಾದಷ್ಟು ಹಾಕಿಸು. ದುಡ್ಡಿನ ಕಾರಣ ಮಾತ್ರ ಹೇಳಬೇಡ. ಹೊನ್ನೆಯೆಣ್ಣೆ ದೀಪದ ಆಸೆಯೂ ಬೇಡ. ನಾವು ಅದರಲ್ಲಿ ಓದಿದವರು, ಹೊಗೆಗೆ ಮೂಗಿನ ಒಳಗೆಲ್ಲ ಕಪ್ಪಾಗುತ್ತಿತ್ತು.

ಒಂದು ಹಸು ಸಾಕಿ ಗೋಬರ್ ಗ್ಯಾಸ್ ಅಂತಲೂ ಬರೆದಿದ್ದೀಯ. ಸಣ್ಣ ಮನೆಯ ಎರಡು ಘನ ಮೀಟರಿನ ಘಟಕಕ್ಕೆ ದಿನಕ್ಕೆ ಸುಮಾರು 50 ಕೆಜಿ ಸಗಣಿ ಬೇಕು. ಒಂದು ಹಸು ಹತ್ತು ಕೆಜಿ ಹಾಕಿದರೆ ಹೆಚ್ಚು. ಅದನ್ನು ಬಿಡು, ಒಲೆಗೆ ತೆಂಗಿನ ಮಡಲು, ಕರಟ, ಒಣಸಿಪ್ಪೆ ಒಬ್ಬಳಿಗೆ ಧಾರಾಳ ಸಾಕು. ಮಳೆಗೆ ಮೊದಲು ಸೌದೆ ಕೊಟ್ಟಿಗೆ ತುಂಬಿರಬೇಕು, ಅಷ್ಟೇ.

ಊಟದ ವಿಷಯದಲ್ಲಿ ಮಾತ್ರ ನಾನು ನಿನ್ನ ಕಡೆ. ಆ ಜಾಗದಲ್ಲಿ ಉಪವಾಸ ಬೀಳುವುದಿಲ್ಲ. ಮೇ ತಿಂಗಳಲ್ಲಿ ಬಲಿತ, ಹಣ್ಣಾಗದ ಹಲಸು ಕೊಯ್ದು ಕೈಗೆ ತೆಂಗಿನೆಣ್ಣೆ ಹಚ್ಚಿಕೊಂಡು ಕೂತುಕೋ. ಸೊಳೆ ಬಿಡಿಸಿ, ಬೀಜ ತೆಗೆದು, ಭರಣಿಯಲ್ಲಿ ಒಂದು ಪದರ ಸೊಳೆ, ಒಂದು ಹಿಡಿ ಕಲ್ಲುಪ್ಪು, ಮತ್ತೆ ಸೊಳೆ. ಮೇಲೆ ಬಾಳೆಲೆ ಮುಚ್ಚಿ ಭಾರದ ಕಲ್ಲು ಇಡು. ಉಪ್ಪುನೀರು ತಾನಾಗಿ ಬಿಡುತ್ತದೆ, ಸೊಳೆ ಅದರಲ್ಲಿ ಮುಳುಗಿಯೇ ಇರಬೇಕು. ಮೇಲೆ ತೇಲಿದ್ದು ಹಾಳಾಗುತ್ತದೆ. ಆಟಿ ತಿಂಗಳಲ್ಲಿ, ಅಂದರೆ ಜುಲೈ ಆಗಸ್ಟಿನಲ್ಲಿ, ಹೊರಗೆ ಹೋಗಲಾಗದಷ್ಟು ಮಳೆ ಹೊಡೆಯುವಾಗ ತೆಗೆದು, ನೀರು ಬದಲಿಸಿ ನೆನೆಸಿ, ಉಪ್ಪು ಬಿಡಿಸಿ ಪಲ್ಯ ಮಾಡು. ಬೀಜವನ್ನು ಉಪ್ಪು ಹಾಕಿ ಬೇಯಿಸಿ ಒಣಗಿಸಿ ಸಾಂತಾಣಿ ಮಾಡು. ಕೆಸುವು, ಚಗಟೆ ಸೊಪ್ಪು, ಕಣಿಲೆ (ಎಳೆ ಬಿದಿರು), ಪುನರ್ಪುಳಿ ಎಲ್ಲ ಬೇಲಿ ಬದಿಯಲ್ಲೇ ಉಂಟು.

ಆದರೆ ಇದನ್ನೂ ಫೋನ್ ನೋಡಿ ಕಲಿಯಬೇಡ. ಆಟಿ ಅಮಾವಾಸ್ಯೆಗೆ ಹಾಲೆ ಮರದ ಕಷಾಯ ಅಂತ ನೀನೇ ಹೋಗಿ ತೊಗಟೆ ಕೆತ್ತಿ ತಂದೀಯ! ಗುರುತು ತಪ್ಪಿ ಕಾಸರಕದ ತೊಗಟೆ ಕುಡಿದರೆ ಜೀವಕ್ಕೇ ಅಪಾಯ. ಕೆಳಮನೆ ಅಕ್ಕನನ್ನು ಕರಕೊಂಡು ಹೋಗು, ಅವಳಿಗೆ ಕತ್ತಲಲ್ಲೂ ಮರದ ಗುರುತು ಸಿಗುತ್ತದೆ.

ಇನ್ನು ದುಡ್ಡು. ಉಪ್ಪು, ಬೆಂಕಿಪೆಟ್ಟಿಗೆ, ಜಾಗದ ತೀರ್ವೆ (ಕಂದಾಯ), ಬಸ್ಸು. ಹೆಂಗಸರಿಗೆ ಸರಕಾರಿ ಬಸ್ಸು ಉಚಿತ, ಶಕ್ತಿ ಯೋಜನೆ ಇದೆ ಅನ್ನಬೇಡ, ಆ ಕಡೆ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು. ಎಲ್ಲಕ್ಕಿಂತ ಮೇಲೆ ಜ್ವರ. ಗದ್ದೆಗೆ ಇಳಿಯುವವರಿಗೆ ಮಳೆಗಾಲದಲ್ಲಿ ಇಲಿಜ್ವರದ ಭಯ ಇದ್ದದ್ದೇ. ಕಾಲಲ್ಲಿ ಸಣ್ಣ ಗಾಯ ಇದ್ದರೆ ಸಾಕು, ಇಲಿ ಮೂತ್ರ ಸೇರಿದ ನೀರಿನಿಂದ ರೋಗ ಒಳಗೆ ಹೋಗುತ್ತದೆ. ಬೇಗ ತೋರಿಸಿದರೆ ಮಾತ್ರೆಯಲ್ಲಿ ವಾಸಿ, ತಡವಾದರೆ ಕಿಡ್ನಿ, ಲಿವರಿಗೆ ಇಳಿಯುತ್ತದೆ. ಅದಕ್ಕೆ ಬೇರೆಯೇ ಒಂದು ಖಾತೆ ಇಡು. ಅದರಲ್ಲಿ ದುಡ್ಡು ಇಲ್ಲದೆ ಗದ್ದೆಗೆ ಇಳಿಯಲು ನಾನು ಬಿಡುವುದಿಲ್ಲ. ಇದು ಚರ್ಚೆಗೆ ಇಟ್ಟ ವಿಷಯ ಅಲ್ಲ.

ಕೈಕಾಸಿಗೆ ಅಂಗಳದಲ್ಲಿ ಮಲ್ಲಿಗೆ ಹಾಕು. ಶಂಕರಪುರದ ಕಡೆ ಎಷ್ಟೋ ಹೆಂಗಸರು ಮನೆಯೆದುರಿನ ನಾಲ್ಕು ಸೆಂಟ್ಸಿನಲ್ಲೇ ಸಂಸಾರ ತೂಗಿಸಿದ್ದಾರೆ. ಬೆಳಗ್ಗೆ ಬೇಗ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಹೂವಿನವರು ಬರುವ ಹೊತ್ತಿಗೆ ತಯಾರಿರಬೇಕು. 800 ಮೊಗ್ಗಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ದರ ದಿನಾ ಬದಲಾಗುತ್ತದೆ, ಮಳೆಗಾಲದಲ್ಲಿ ಹೂವೇ ಕಡಿಮೆ. ಆಫೀಸಿನ ಸಂಬಳ ಹಾಗಲ್ಲ ಅಂತ ಆಗ ಗೊತ್ತಾಗುತ್ತದೆ, ಇರಲಿ. ಪೆರ್ಡೂರಿನಿಂದ ಹೂ ಎತ್ತುವವರು ಯಾರಿದ್ದಾರೆ ಅಂತ ಮೊದಲು ವಿಚಾರಿಸಬೇಕು.

ಡಿಸೆಂಬರಿನಲ್ಲಿ ಬರುವುದು ಬೇಡ. ಆಗ ಬಾವಿ ತುಂಬಿರುತ್ತದೆ, ಬೆಳಗ್ಗೆ ಚಳಿ, ಎಲ್ಲರಿಗೂ ಅಲ್ಲೇ ಇರಬೇಕು ಅನ್ನಿಸುತ್ತದೆ. ರಜೆ ಹಾಕು, ಸಂಬಳವಿಲ್ಲದ ರಜೆಯಾದರೂ ಸರಿ, ಮೇ ಮೊದಲ ವಾರ ಬಾ. ಹಲಸಿಗೂ ಅದೇ ಸಮಯ. ಆಟಿ ಮುಗಿಯುವವರೆಗೆ ಇದ್ದು ನೋಡು. ಆಮೇಲೆ ರಾಜೀನಾಮೆ ಬರೆದರೆ ಅಪ್ಪನಿಗೆ ನಾನು ಹೇಳಿ ಒಪ್ಪಿಸುತ್ತೇನೆ. ಮೊದಲ ಹದಿನೈದು ದಿನ ನಾನೂ ಬಂದು ಇರುತ್ತೇನೆ, ನಿನ್ನ ಅಡುಗೆಗೆ ಅಲ್ಲ, ಕೆಳಮನೆಯವರ ಹತ್ತಿರ ನಿನ್ನನ್ನು ಸರಿಯಾಗಿ ಪರಿಚಯ ಮಾಡಿಸಲು.

ಬೀಗದ ಕೈ ಮಾವನ ಹತ್ತಿರ ಇದೆ, ಹೇಳಿಟ್ಟಿದ್ದೇನೆ. ಬಾವಿಯ ಹಗ್ಗ ಸವೆದಿದೆಯಂತೆ, ಹೊಸದನ್ನು ಇಲ್ಲಿಂದಲೇ ತಗೊಂಡು ಹೋಗೋಣ. ಟಿಕೆಟ್ ಆದ ಕೂಡಲೇ ತಿಳಿಸು.

ನಿನ್ನ,
ಅಮ್ಮ