ಶನಿವಾರ ಸಾಂಕ್ಟ್ ಎರಿಕ್ ಹಡಗನ್ನೂ ನೋಡಿ ಬರೋಣ

ಎಲ್ಲರಿಗೂ ನಮಸ್ಕಾರ. ಶನಿವಾರ ಸ್ಟಾಕ್‌ಹೋಮ್‌ನ ವಾಸಾ ಮ್ಯೂಸಿಯಂಗೆ ಬರುವವರು ಅದೊಂದನ್ನೇ ನೋಡಿ ಮನೆಗೆ ಹೊರಟುಬಿಡಬೇಡಿ. ಪಕ್ಕದ ದಕ್ಕೆಯಲ್ಲೇ ಸಾಂಕ್ಟ್ ಎರಿಕ್ ನಿಂತಿದೆ. 1915ರಲ್ಲಿ ಈ ಊರಿನ ಬಂದರಿಗೆಂದೇ ಕಟ್ಟಿದ ಉಗಿ ಹಡಗು, ಮಂಜುಗಡ್ಡೆ ಒಡೆದು ಬೇರೆ ಹಡಗುಗಳಿಗೆ ದಾರಿ ಮಾಡಿಕೊಡುವುದೇ ಅದರ ಕೆಲಸ, 1977ರವರೆಗೂ ದುಡಿದಿದೆ.

ಮೂತಿಯಿಂದ ಕೊಡಲಿ ಹಾಗೆ ಸೀಳಿಕೊಂಡು ಹೋಗುತ್ತೆ ಅಂತ ನಾನು ಅಂದುಕೊಂಡಿದ್ದೆ. ಹಾಗಲ್ಲ. ಮೂತಿ ಇಳಿಜಾರಾಗಿದೆ, ಹಡಗು ಗಡ್ಡೆಯ ಮೇಲೆ ಹತ್ತಿ ತನ್ನ ಭಾರದಿಂದಲೇ ಅದನ್ನು ಮುರಿಯುತ್ತದೆ. ಮುಂದುಗಡೆಯೂ ಒಂದು ಪ್ರೊಪೆಲ್ಲರ್ ಇದೆ, ಅದು ಗಡ್ಡೆಯ ಅಡಿಯ ನೀರನ್ನು ಎಳೆದುಬಿಡುತ್ತದೆ, ಆಸರೆ ತಪ್ಪಿದ ಗಡ್ಡೆ ಬೇಗ ಕುಸಿಯುತ್ತದೆ. ಸಿಕ್ಕಿಹಾಕಿಕೊಂಡರೆ? ಎರಡೂ ಬದಿಯ ಟ್ಯಾಂಕುಗಳ ನಡುವೆ ನೀರು ಪಂಪ್ ಮಾಡಿ ಇಡೀ ಹಡಗನ್ನು ತೊಟ್ಟಿಲಿನ ಹಾಗೆ ಅತ್ತಿತ್ತ ತೂಗಿ ಬಿಡಿಸಿಕೊಳ್ಳುತ್ತಿದ್ದರು. ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟವಾಗಿದ್ದು ಇದೇ.

ಕೆಳಗಿನ ಎಂಜಿನ್ ಸುಮ್ನೆ ನೋಡಿ ಬರುವಂಥದ್ದಲ್ಲ, ನಿಂತು ನೋಡಿ. ಒಂದೇ ಉಗಿಯನ್ನು ಚಿಕ್ಕ, ಮಧ್ಯಮ, ದೊಡ್ಡ ಸಿಲಿಂಡರ್‌ಗಳಲ್ಲಿ ಮೂರು ಸಲ ದುಡಿಸಿಕೊಳ್ಳುವ ಎಂಜಿನ್ ಅದು. ಬಾಯ್ಲರ್ ಮುಂದೆ ನಿಂತಾಗ ಸಲಿಕೆ ಹಿಡಿದವರನ್ನೂ ನೆನೆಯಿರಿ, ಮೇಲೆ ಮೈ ಕೊರೆಯುವ ಚಳಿ, ಕೆಳಗೆ ಒಲೆಯ ಬಾಗಿಲು ತೆರೆದರೆ ಮುಖ ಸುಡುವ ಕಾವು, ಆದರೂ ಉಗಿ ಇಳಿಯದ ಹಾಗೆ ಕಲ್ಲಿದ್ದಲು ಹಾಕುತ್ತಲೇ ಇರಬೇಕಿತ್ತು ಅಲ್ವಾ.

ಬೆಳಿಗ್ಗೆ 11ಕ್ಕೆ ಮ್ಯೂಸಿಯಂ ಬಾಗಿಲಲ್ಲಿ ಸೇರೋಣ. ಹಡಗಿನೊಳಗೆ ಬಿಡುವ ಸಮಯ ಕೇಳಿ ಇಲ್ಲೇ ಹಾಕುತ್ತೇನೆ. ಮಕ್ಕಳಿಗೆ ಜಾರದ ಶೂ ಹಾಕಿಸಿ. ಬರುವವರು ಹೆಸರು ಹಾಕಿ.