ಎರಡು ಡಿಗ್ರಿ ಏರಿಕೆ: ಎಷ್ಟರಿಂದ?

ಮಾನ್ಯ ಸಂಪಾದಕರೇ,

ಬೇಸಿಗೆ ಇನ್ನೂ ಕಾಲಿಡುವ ಮೊದಲೇ ಧಗೆ ಏರಿದೆ. ಪತ್ರಿಕೆಗಳಲ್ಲಿ ದಿನ ಬಿಟ್ಟು ದಿನ ಒಂದು ಸಾಲು ಬರುತ್ತಿದೆ: ‘ಮುಂದಿನ ಮೂರು ದಿನ ಒಳನಾಡಿನಲ್ಲಿ ಗರಿಷ್ಠ ತಾಪಮಾನ 2ರಿಂದ 3 ಡಿಗ್ರಿ ಸೆಲ್ಸಿಯಸ್ ಏರುವ ಸಾಧ್ಯತೆ’. ಎಷ್ಟರಿಂದ ಏರುತ್ತದೆ ಎಂಬುದು ಮಾತ್ರ ಎಲ್ಲೂ ಇರುವುದಿಲ್ಲ. ಹವಾಮಾನ ಇಲಾಖೆಯ ಆ ಸಾಲನ್ನು ಹಿಂದಿನ ದಿನ ಕೇಂದ್ರವಾರು ದಾಖಲಾದ ಗರಿಷ್ಠ, ಕನಿಷ್ಠ ಅಂಕಿಗಳ ಜೊತೆಗಿಟ್ಟು ಓದಬೇಕು. ರಾಯಚೂರಿನಲ್ಲಿ ನಿನ್ನೆ 36 ಇದ್ದರೆ ಮಾರ್ಚ್ ತಿಂಗಳಲ್ಲಿ ಇನ್ನು 3 ಡಿಗ್ರಿ ದೊಡ್ಡ ಸುದ್ದಿಯಲ್ಲ. ನಿನ್ನೆಯೇ 39 ಆಗಿದ್ದರೆ ಅದೇ 3 ಡಿಗ್ರಿಗೆ ಹೊಲದ ಕೆಲಸ, ಕಟ್ಟಡ ಕೆಲಸದ ವೇಳೆ ಬದಲಿಸಬೇಕಾಗುತ್ತದೆ. ಅಂಕಿ ಬಿಟ್ಟು ಸಾಲನ್ನಷ್ಟೇ ಅಚ್ಚು ಹಾಕಿದರೆ ಓದುಗನಿಗೆ ಸಿಗುವುದು ಗಾಬರಿ ಮಾತ್ರ.

ವಾಡಿಕೆಗಿಂತ ಎಷ್ಟು ಹೆಚ್ಚು ಎಂಬುದನ್ನೂ ಕೊಡಬೇಕು. ಈಗ ವಾಡಿಕೆ ಎಂದರೆ 1991ರಿಂದ 2020ರವರೆಗಿನ ಸರಾಸರಿ. ಬಿಸಿಗಾಳಿ ಎಂದು ಇಲಾಖೆ ಘೋಷಿಸುವುದಕ್ಕೆ ಈ ವ್ಯತ್ಯಾಸವೇ ಮುಖ್ಯ ಅಳತೆ. ಬಯಲು ಪ್ರದೇಶದಲ್ಲಿ ಗರಿಷ್ಠ ತಾಪಮಾನ ಕನಿಷ್ಠ 40 ಮುಟ್ಟಿರಬೇಕು, ಜೊತೆಗೆ ವಾಡಿಕೆಗಿಂತ 4.5 ಡಿಗ್ರಿಯಾದರೂ ಹೆಚ್ಚಿರಬೇಕು. ವ್ಯತ್ಯಾಸ 6.4 ಡಿಗ್ರಿ ದಾಟಿದರೆ ತೀವ್ರ ಬಿಸಿಗಾಳಿ. 45 ಮುಟ್ಟಿದರೆ ವ್ಯತ್ಯಾಸ ನೋಡುವ ಪ್ರಶ್ನೆಯೇ ಇಲ್ಲ, ಅದು ಬಿಸಿಗಾಳಿಯೇ. ಒಂದು ಹವಾಮಾನ ಉಪವಿಭಾಗದ (ಕರಾವಳಿ, ಉತ್ತರ ಒಳನಾಡು, ದಕ್ಷಿಣ ಒಳನಾಡು ಇಂಥವು) ಎರಡು ಕೇಂದ್ರಗಳಲ್ಲಾದರೂ ಸತತ ಎರಡು ದಿನ ಹೀಗಿದ್ದರೆ ಎರಡನೇ ದಿನ ಘೋಷಣೆ. ಬೆಂಗಳೂರು ನಗರದ ವೀಕ್ಷಣಾಲಯದ ದಾಖಲೆ 2016ರ ಏಪ್ರಿಲ್‌ನ 39.2 ಡಿಗ್ರಿ, ಅಂದರೆ ಆ ದಿನವೂ ಈ ಲೆಕ್ಕದಲ್ಲಿ ನಗರಕ್ಕೆ ಬಿಸಿಗಾಳಿ ಬರಲಿಲ್ಲ! 37 ಡಿಗ್ರಿಯ ದಿನ ‘ಬೆಂಗಳೂರಿಗೆ ಬಿಸಿಗಾಳಿ’ ಎಂಬ ಶೀರ್ಷಿಕೆ ತಪ್ಪು. ಘೋಷಣೆ ಇಲ್ಲವೆಂದು ತಗಡಿನ ಶೀಟಿನ ಮನೆಯಲ್ಲಿರುವವರಿಗೆ ಅಪಾಯವಿಲ್ಲ ಎಂದುಕೊಳ್ಳುವುದೂ ತಪ್ಪು. ‘ವಾಡಿಕೆಗಿಂತ 3.5 ಹೆಚ್ಚು’ ಎಂದು ಬರೆದರೆ ಎರಡೂ ತಪ್ಪು ತಪ್ಪುತ್ತವೆ.

ಕರಾವಳಿಯ ಕತೆಯೇ ಬೇರೆ. ಅಲ್ಲಿ ಮಿತಿ 37 ಡಿಗ್ರಿ, ವ್ಯತ್ಯಾಸ ಅದೇ 4.5. ಮಂಗಳೂರು, ಹೊನ್ನಾವರ, ಕಾರವಾರದ ಕಡೆ ಫೆಬ್ರವರಿ ಕೊನೆ ಮತ್ತು ಮಾರ್ಚ್ ತಿಂಗಳಲ್ಲೇ ಇದು ಬರಲು ಕಾರಣವಿದೆ. ಮಾಮೂಲು ದಿನ ಮಧ್ಯಾಹ್ನದೊಳಗೆ ಕಡಲ ಗಾಳಿ ಬೀಸಿ ತಾಪಮಾನ 33–34ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಪೂರ್ವದ ಒಣಗಾಳಿ ಬಲವಾಗಿದ್ದರೆ ಕಡಲ ಗಾಳಿ ಒಳಗೆ ಬರಲಾಗದೆ ತಡವಾಗುತ್ತದೆ. ಆ ಪೂರ್ವದ ಗಾಳಿಯೂ ಘಟ್ಟ ಇಳಿಯುವಾಗ ಒತ್ತಡ ಹೆಚ್ಚಿ, ಪ್ರತಿ 100 ಮೀಟರಿಗೆ ಸುಮಾರು 1 ಡಿಗ್ರಿಯಂತೆ ಬಿಸಿಯಾಗುತ್ತದೆ. ಕಡಲ ಗಾಳಿ 11ಕ್ಕೆ ಬರುತ್ತದೋ 2 ಗಂಟೆಗೆ ಬರುತ್ತದೋ ಎಂಬುದರ ಮೇಲೆ ಆ ದಿನದ ಗರಿಷ್ಠ ತಾಪಮಾನ ಮೂರ್ನಾಲ್ಕು ಡಿಗ್ರಿ ಆಚೀಚೆ ಆಗಬಹುದು. ಕರಾವಳಿಯ ಮುನ್ಸೂಚನೆ ಕೈಕೊಡುವುದು ಹೆಚ್ಚಾಗಿ ಇಲ್ಲೇ. ಹಾಗಾಗಿ ಗಾಳಿಯ ದಿಕ್ಕನ್ನು ಒಂದು ಪದದಲ್ಲಾದರೂ ಹಾಕಿ; ಬೆಳಿಗ್ಗೆ ಹತ್ತರ ಹೊತ್ತಿಗೂ ಗಾಳಿ ಪೂರ್ವದಿಂದಲೇ ಬೀಸುತ್ತಿದ್ದರೆ ಮುಂದೇನಾದೀತು ಎಂದು ಊಹಿಸುವುದು ಅಲ್ಲಿಯವರಿಗೆ ಕಷ್ಟವಲ್ಲ.

ಇನ್ನು ತೇವಾಂಶ. ಉಷ್ಣಮಾಪಕದ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ ಗಾಳಿಯಾಡಲು ಬಿಟ್ಟರೆ ಅದು ತೋರಿಸುವ ಅಂಕಿಯೇ ಬೆವರು ಎಷ್ಟರಮಟ್ಟಿಗೆ ತಂಪು ಕೊಟ್ಟೀತು ಎಂಬುದರ ಮಿತಿ. 40 ಡಿಗ್ರಿ ಬಿಸಿಲಿನಲ್ಲಿ ತೇವಾಂಶ ಶೇ 20 ಇದ್ದರೆ ಒದ್ದೆ ಬಟ್ಟೆಯ ಅಂಕಿ 23ರ ಹತ್ತಿರ. 35 ಡಿಗ್ರಿಯಲ್ಲಿ ತೇವಾಂಶ ಶೇ 60 ಇದ್ದರೆ 28 ದಾಟುತ್ತದೆ. ಮೊದಲನೆಯದು ಕಲಬುರಗಿಯ ಮಧ್ಯಾಹ್ನ, ಎರಡನೆಯದು ಮಂಗಳೂರಿನದು ಎಂದಿಟ್ಟುಕೊಳ್ಳಿ. ಕಲಬುರಗಿಯಲ್ಲಿ ನೆರಳು, ನೀರು, ಕಿಟಕಿಗೆ ಕಟ್ಟಿದ ಒದ್ದೆ ಗೋಣಿಚೀಲ ಕೆಲಸ ಮಾಡುತ್ತವೆ. ಮಂಗಳೂರಿನಲ್ಲಿ ಗೋಣಿಚೀಲ ಕೋಣೆಯ ಕುದಿಯನ್ನು ಹೆಚ್ಚಿಸುತ್ತದೆಯೇ ಹೊರತು ತಂಪು ಮಾಡುವುದಿಲ್ಲ, ಅಲ್ಲಿ ಬೇಕಾದದ್ದು ಗಾಳಿಯ ಓಡಾಟ. ಬರೀ ಗರಿಷ್ಠ ಅಂಕಿ ನೋಡಿದವರಿಗೆ 35 ಹಗುರವಾಗಿ ಕಾಣುತ್ತದೆ. ರಾತ್ರಿಯ ಕನಿಷ್ಠವನ್ನೂ ಬಿಡಬೇಡಿ. ಅದು ಇಳಿಯದಿದ್ದರೆ ಹಗಲು ದಣಿದ ಮೈ ಚೇತರಿಸಿಕೊಳ್ಳುವುದಿಲ್ಲ.

ಕಾರಿನ ಪರದೆಯಲ್ಲಿ ಕಂಡ ಅಂಕಿಯ ಚಿತ್ರವನ್ನು ಸುದ್ದಿಯ ಪಕ್ಕ ಹಾಕುವುದನ್ನು ದಯವಿಟ್ಟು ನಿಲ್ಲಿಸಿ. ಆ ಸಂವೇದಕ ಸಾಮಾನ್ಯವಾಗಿ ಮುಂದಿನ ಬಂಪರಿನ ಬಳಿ ಇದ್ದು ಡಾಂಬರು ರಸ್ತೆಯ ಬಿಸಿಯನ್ನೂ ಸೇರಿಸಿ ಹೇಳುತ್ತದೆ. ಇಲಾಖೆ ಅಳೆಯುವುದು ನೆಲದಿಂದ ಹೆಚ್ಚುಕಡಿಮೆ ನಾಲ್ಕು ಅಡಿ ಎತ್ತರದಲ್ಲಿ, ಗಾಳಿಯಾಡುವ ಬಿಳಿ ಪೆಟ್ಟಿಗೆಯ ನೆರಳಿನಲ್ಲಿ.

ಮಳೆಯ ಸಾಲಿನಲ್ಲೂ ಒಂದು ಎಡವಟ್ಟು ಪದೇ ಪದೇ ಆಗುತ್ತಿದೆ. ‘ಒಂದೆರಡು ಕಡೆ’, ‘ಕೆಲವು ಕಡೆ’, ‘ಹಲವು ಕಡೆ’, ‘ಬಹುತೇಕ ಕಡೆ’ ಎಂಬವು ಬಾಯಿಗೆ ಬಂದ ಮಾತುಗಳಲ್ಲ. ಉಪವಿಭಾಗದ ಮಳೆಮಾಪನ ಕೇಂದ್ರಗಳಲ್ಲಿ ಕ್ರಮವಾಗಿ ಶೇ 25ರವರೆಗೆ, 50ರವರೆಗೆ, 75ರವರೆಗೆ, ಅದಕ್ಕೂ ಹೆಚ್ಚು ಎಂದು ಅರ್ಥ. ‘ಒಂದೆರಡು ಕಡೆ ಗುಡುಗು ಸಹಿತ ಮಳೆ’ ಎಂಬ ಮುನ್ಸೂಚನೆ ನೂರಕ್ಕೆ ನೂರು ನಿಜವಾದರೂ ಮುಕ್ಕಾಲು ಭಾಗ ಒಣಗಿಯೇ ಇರುತ್ತದೆ. ಸುದ್ದಿಮನೆಯಲ್ಲಿ ಇದು ‘ರಾಜ್ಯದಲ್ಲಿ ಮಳೆ’ ಎಂದಾದಾಗ ನಷ್ಟವಾಗುವುದು ಕೊಡಗು, ಚಿಕ್ಕಮಗಳೂರಿನ ಕಾಫಿ ಬೆಳೆಗಾರರಿಗೆ. ಕಾಫಿ ಮೊಗ್ಗು ಅರಳಿಸುವ ಹೂಮಳೆ ಒಂದು ಇಂಚಾದರೂ ಬೇಕು. 20–30 ಸೆಂಟ್ಸ್ (ಇಂಚಿನ ನೂರನೇ ಒಂದು ಭಾಗ ಒಂದು ಸೆಂಟ್) ಬಿದ್ದು ನಿಂತರೆ, ಮುಖ್ಯವಾಗಿ ರೋಬಸ್ಟಾದಲ್ಲಿ, ಮೊಗ್ಗು ಸರಿಯಾಗಿ ಅರಳದೆ ಕೆಡುತ್ತದೆ. ಶೀರ್ಷಿಕೆ ನಂಬಿ ಸ್ಪ್ರಿಂಕ್ಲರ್ ನಿಲ್ಲಿಸಿದವರಿಗೆ ಆಮೇಲೆ ಹೊಳೆಯಲ್ಲಿ ನೀರೂ ಇರುವುದಿಲ್ಲ.

ತಿಂಗಳ ಮುನ್ನೋಟದ ನಕ್ಷೆಯ ಬಗ್ಗೆ ಒಂದೇ ಮಾತು: ‘ಶೇ 55’ ಎಂದರೆ ತಾಪ ಅಷ್ಟು ಹೆಚ್ಚು ಎಂದಲ್ಲ, ವಾಡಿಕೆಗಿಂತ ಹೆಚ್ಚಿರುವ ಸಂಭವ ಅಷ್ಟು ಎಂದು. ಹೆಚ್ಚು, ವಾಡಿಕೆಯಷ್ಟು, ಕಡಿಮೆ ಎಂದು ಮೂರು ಸಮಪಾಲು ಮಾಡಿರುವುದರಿಂದ, ಏನೂ ತಿಳಿಯದಿದ್ದಾಗಲೂ ಆ ಸಂಭವ ಶೇ 33 ಇದ್ದೇ ಇರುತ್ತದೆ.

ಇಷ್ಟಕ್ಕೆಲ್ಲ ಪುಟ ಬೇಡ. ದಕ್ಷಿಣ ಒಳನಾಡು, ಉತ್ತರ ಒಳನಾಡು, ಕರಾವಳಿಯಿಂದ ಮೂರು ಮೂರು ಕೇಂದ್ರ ಆರಿಸಿ. ಪ್ರತಿಯೊಂದಕ್ಕೂ ನಿನ್ನೆಯ ಗರಿಷ್ಠ, ಕನಿಷ್ಠ, ವಾಡಿಕೆಗಿಂತ ವ್ಯತ್ಯಾಸ, ಸಂಜೆ 5.30ರ ತೇವಾಂಶ, ಇಷ್ಟು ಕೊಡಿ. ಕೆಳಗೆ ಮುನ್ಸೂಚನೆ ಹೊರಟ ದಿನ ಮತ್ತು ವೇಳೆ ಇರಲಿ. ಇಲಾಖೆಯ ದಿನ ಬೆಳಿಗ್ಗೆ 8.30ರಿಂದ ಮರುದಿನ 8.30ರವರೆಗೆ. ಹಿಂದಿನ ದಿನ ಹೊರಟ ಮುನ್ಸೂಚನೆಯ ‘ಮೊದಲ ದಿನ’, ಓದುಗ ಬೆಳಿಗ್ಗೆ ಏಳಕ್ಕೆ ಪತ್ರಿಕೆ ಬಿಡಿಸುವಾಗ ಇನ್ನು ಒಂದೂವರೆ ತಾಸಿನಲ್ಲಿ ಮುಗಿಯುತ್ತದೆ. ಅವನಿಗೆ ಬೇಕಾದದ್ದು ಎರಡನೇ ದಿನದ ಸಾಲು. ಅದನ್ನೇ ‘ಇಂದು’ ಎಂದು ಹಾಕಿ.

— ಒಬ್ಬ ಓದುಗ