ಅಣ್ಣನಿಗೆ, ಉಟ್ರೆಕ್ಟ್‌ನಿಂದ

ಅಣ್ಣಾ,

ನಾನು ಕ್ಷೇಮ. ರಾತ್ರಿ ಪಾಳಿ ಮುಗಿಸಿ ಬಂದು ನಿನ್ನ ಮೇಲ್ ನೋಡಿದೆ. ಅಮ್ಮನ ಮಿದುಳಿನ ರಕ್ತನಾಳದಲ್ಲಿ ಉಬ್ಬಿದ್ದ ಗುಳ್ಳೆ ಒಡೆದಿದೆ ಅಂತ ಓದಿದ ಮೇಲೆ ನಿದ್ದೆ ಹತ್ತಲಿಲ್ಲ.

"ಆಪರೇಷನ್ ನಾಳೆ ಅಂತಾರೆ, ಅಲ್ಲಿವರೆಗೆ ಬರೀ ಮಾತ್ರೆ ನುಂಗಿಸ್ತಿದಾರೆ" ಅಂತ ಬೈದು ಬರೆದಿದೀಯ. ಬರೀ ಮಾತ್ರೆ ಅಲ್ಲ ಮಾರಾಯ, ಅದು ನಿಮೋಡಿಪಿನ್. 60 ಮಿಲಿಗ್ರಾಂ, ನಾಲ್ಕು ಗಂಟೆಗೊಮ್ಮೆ, 21 ದಿನ. ಆಪರೇಷನ್ ಆದಮೇಲೂ ನಿಲ್ಲಿಸೋ ಹಾಗಿಲ್ಲ. ಒಡೆದ ಗುಳ್ಳೆಯನ್ನ ಅದು ಮುಚ್ಚಲ್ಲ, ನಿಜ. ಆದರೆ ಮಿದುಳಿನ ಸುತ್ತ ರಕ್ತ ಚೆಲ್ಲಿದೆಯಲ್ಲ, ಮೂರ್ನಾಲ್ಕು ದಿನ ಕಳೆದ ಮೇಲೆ ಉಳಿದ ರಕ್ತನಾಳಗಳೂ ಸೆಟೆದುಕೊಳ್ಳಬಹುದು, ಮಿದುಳಿಗೆ ರಕ್ತ ಸಾಲದೆ ಹೋಗಬಹುದು. ಆ ಎರಡನೇ ಏಟಿಗೆ ಈ ಮಾತ್ರೆ. 1989ರಲ್ಲೇ ಬ್ರಿಟನ್ನಿನಲ್ಲಿ 554 ರೋಗಿಗಳ ಪರೀಕ್ಷೆ ನಡೆಸಿದಾಗ, ಇದನ್ನ ತಗೊಂಡವರಲ್ಲಿ ಅಂಥ ಹಾನಿ ಮೂರನೇ ಒಂದು ಪಾಲಿನಷ್ಟು ಕಡಿಮೆ ಇತ್ತು. ರಾತ್ರಿ ಎರಡು ಗಂಟೆಗೆ ಅಮ್ಮನನ್ನ ಎಬ್ಬಿಸಿದರೆ ನರ್ಸ್ ಮೇಲೆ ರೇಗಬೇಡ. ನನ್ನ ಮೇಲೂ ಇಲ್ಲಿ ಹಾಗೇ ರೇಗ್ತಾರೆ.

ಚಿಕ್ಕಪ್ಪ ರಕ್ತ ನಿಲ್ಲಿಸೋ ಇಂಜೆಕ್ಷನ್‌ಗೆ ಡಾಕ್ಟರ ಹತ್ತಿರ ಜಗಳ ತೆಗೆದರಂತೆ. ಟ್ರಾನೆಕ್ಸಾಮಿಕ್ ಆಸಿಡ್ ಇರಬೇಕು. ಅದನ್ನ ಇಲ್ಲಿ ನೆದರ್ಲೆಂಡ್ಸ್‌ನಲ್ಲೇ ಪರೀಕ್ಷೆ ಮಾಡಿದಾರೆ, 955 ಜನರನ್ನ ಎರಡು ಗುಂಪು ಮಾಡಿ. ಆರು ತಿಂಗಳಾದ ಮೇಲೆ ನೋಡಿದರೆ ಅದನ್ನ ತಗೊಂಡವರು ತಗೊಳ್ಳದವರಿಗಿಂತ ಚೆನ್ನಾಗೇನಿರಲಿಲ್ಲ. 2021ರ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿದೆ, ಚಿಕ್ಕಪ್ಪನಿಗೆ ಹೇಳು. ಬ್ರೆಡ್ ಮೇಲೆ ಚಾಕೊಲೇಟ್ ಚೂರು ಉದುರಿಸಿ ತಿಂಡಿ ಆಯ್ತು ಅನ್ನೋ ಜನ ಇವರು, ಸರ್ಜನ್ನರೂ ಮಳೆಯಲ್ಲಿ ನೆನಕೊಂಡು ಸೈಕಲ್ಲಲ್ಲಿ ಬರ್ತಾರೆ. ನೀವು ನಗಬೇಡಿ, ಲೆಕ್ಕ ಮಾತ್ರ ಪಕ್ಕಾ ಇಡ್ತಾರೆ.

ನೀನು ಕೇಳಬೇಕಾದ್ದು ಬೇರೆ. ಗುಳ್ಳೆ ಮತ್ತೆ ಒಡೆಯೋ ಭಯ ಮೊದಲ 24 ಗಂಟೆಯಲ್ಲೇ ಹೆಚ್ಚು. ತಲೆ ತೆರೆದು ಗುಳ್ಳೆಗೆ ಕ್ಲಿಪ್ ಹಾಕ್ತಾರೋ, ರಕ್ತನಾಳದ ಒಳಗಿಂದ ಹೋಗಿ ಕಾಯಿಲ್ ಅನ್ನೋ ತಂತಿ ಸುರುಳಿ ತುಂಬ್ತಾರೋ, ಡಾಕ್ಟರೇ ನೋಡಿಕೊಳ್ಳಲಿ, ಆದರೆ ನಾಳೆ ಅಂದರೆ ನಾಳೆಯೇ ಆಗಬೇಕು. ಅಲ್ಲಿವರೆಗೆ ಬಿಪಿ ಏರಬಾರದು. ಅಮ್ಮ ಕಕ್ಕಸಿಗೆ ತಿಣುಕಬಾರದು, ಮಲ ಸಡಿಲವಾಗೋ ಔಷಧಿ ಕೊಟ್ಟಿದಾರಾ ಕೇಳು. ಊರವರನ್ನೆಲ್ಲ ಒಳಗೆ ಬಿಡಬೇಡ. ಬೇಲಿ ಜಗಳದ ಸುದ್ದಿ ಅವಳ ಕಿವಿಗೆ ಬೀಳೋದೇ ಬೇಡ.

ಮಾತಾಡ್ತಿದಾಳೆ, ಗುರುತು ಹಿಡೀತಿದಾಳೆ ಅಂದಮೇಲೆ ಏನೂ ಆಗಲ್ಲ. ನಮ್ಮ ವಾರ್ಡಿನಿಂದ ಎಷ್ಟು ಜನ ನಡಕೊಂಡೇ ಮನೆಗೆ ಹೋಗಿದಾರೆ. ಏನೂ ಆಗಲ್ಲ ಅಣ್ಣ. ಅಡಿಕೆ ಈಗಲೇ ಮಾರಬೇಡ, ದುಡ್ಡು ನಿನ್ನ ಖಾತೆಗೆ ಹಾಕಿದೀನಿ. ಶುಕ್ರವಾರಕ್ಕೆ ಟಿಕೆಟ್ ತಗೊಂಡೆ. ಸುಮ್ಮನೆ, ರಜೆ ಉಳಿದಿತ್ತು.

ಅಪ್ಪನಿಗೆ ಎರಡು ತುತ್ತು ಊಟ ಮಾಡಿಸು. ಫೋನ್ ಸೈಲೆಂಟಲ್ಲಿ ಇಡಬೇಡ.

ನಿನ್ನ
ವಾಣಿ